ಸಕ್ಕರೆ ಮೊದಲು ಅಡಗಿಕೊಂಡಿದ್ದು ಪ್ಯಾಕೆಟ್‌ನಲ್ಲಿ ಅಲ್ಲ

ಸಮೋಸ ಜೊತೆ ಕೊಡ್ತಾರಲ್ಲ, ಕೆಚಪ್ ಸ್ಯಾಶೆ, ಇವತ್ತು ಅದರಿಂದಲೇ ಶುರು ಮಾಡೋಣ. ಟೊಮೆಟೊ ಕೆಚಪ್‌ನಲ್ಲಿ ತೂಕದ ಲೆಕ್ಕದಲ್ಲಿ ಹೆಚ್ಚುಕಮ್ಮಿ ನಾಲ್ಕನೇ ಒಂದು ಪಾಲು ಸಕ್ಕರೆ ಇರುತ್ತೆ. ಒಂದು ದೊಡ್ಡ ಚಮಚ ಹಾಕಿಕೊಂಡರೆ ಸುಮಾರು 4 ಗ್ರಾಂ, ಅಂದ್ರೆ ಒಂದು ಟೀ ಚಮಚದಷ್ಟು ಸಕ್ಕರೆ ಹೊಟ್ಟೆಗೆ ಹೋಯ್ತು ಅಂತ ಲೆಕ್ಕ. ಆದರೂ ನಾವ್ಯಾರೂ ಕೆಚಪ್ಪನ್ನ ಸಿಹಿತಿಂಡಿ ಅನ್ನಲ್ಲ.

ಮೈಸೂರು ಪಾಕ್ ತಿನ್ನುವಾಗ ನಮಗೆ ಗೊತ್ತಿರುತ್ತೆ, ತಿಂತಾ ಇರೋದು ಸಕ್ಕರೆ ಅಂತ. ಸಂಕ್ರಾಂತಿಯ ಸಕ್ಕರೆ ಅಚ್ಚು ಕೈಗೆ ಬಂದಾಗಲೂ ಅಷ್ಟೇ. ಯುಗಾದಿಯ ಹೋಳಿಗೆಗೆ ಎಷ್ಟು ಬೆಲ್ಲ ಬಿತ್ತು ಅನ್ನೋದು ಅಡುಗೆಮನೆಯಲ್ಲಿದ್ದವರಿಗೆಲ್ಲ ಗೊತ್ತು. ಅದು ಕಣ್ಣಿಗೆ ಕಾಣುವ ಸಿಹಿ. ಈ ಸಂಚಿಕೆ ಕಣ್ಣಿಗೆ ಕಾಣದ ಸಕ್ಕರೆಯದ್ದು. ಬ್ರೆಡ್‌ನಲ್ಲಿ, ಸಾಸ್‌ನಲ್ಲಿ, ಖಾರದ ಚಿಪ್ಸ್ ಮೇಲಿನ ಮಸಾಲೆಯಲ್ಲಿ, ಹಣ್ಣಿನ ಚಿತ್ರ ಹಾಕಿದ ಮೊಸರಿನ ಕಪ್‌ನಲ್ಲಿ, ಆರೋಗ್ಯಕ್ಕೆ ಒಳ್ಳೇದು ಅಂತ ಅಮ್ಮಂದಿರು ಹಾಲಿಗೆ ಕಲಸೋ ಮಾಲ್ಟ್ ಪುಡಿಯಲ್ಲಿ ಇರೋ ಸಕ್ಕರೆ.

ಇದರ ಬಗ್ಗೆ ರೀಲ್ಸ್ ಬೇಕಾದಷ್ಟು ನೋಡಿರ್ತೀರಿ. ಹಾಗಾಗಿ ನಾನು ಇವತ್ತು ಹಿಂದಿನ ಕಥೆ ಹೇಳ್ತೀನಿ. ನಾನು ಹೇಳಹೊರಟಿರೋದು ಇಷ್ಟೇ: ಸಕ್ಕರೆ ನಮ್ಮ ಪ್ಯಾಕೆಟ್‌ಗಳಲ್ಲಿ ಅಡಗೋಕೆ ಮುಂಚೆ ಒಂದು ವೈದ್ಯಕೀಯ ಪತ್ರಿಕೆಯ ಪುಟಗಳಲ್ಲಿ ಅಡಗಿತ್ತು. ಅದು 1967ರಲ್ಲಿ, ಅಮೆರಿಕದಲ್ಲಿ. ಅಡಗಿಸಿದವರ ಹೆಸರು ಬೆಳಕಿಗೆ ಬರೋಕೆ ಸುಮಾರು 50 ವರ್ಷ ಬೇಕಾಯ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ. 1955ರ ಸೆಪ್ಟೆಂಬರ್. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಡೆನ್ವರ್‌ನಲ್ಲಿ ರಜೆಯಲ್ಲಿದ್ದಾಗ ಹೃದಯಾಘಾತ ಆಗುತ್ತೆ. ಪತ್ರಿಕೆಗಳಲ್ಲಿ ದಿನಾ ಅದೇ ಸುದ್ದಿ. ಹೃದಯದ ಕಾಯಿಲೆಯಿಂದ ನಡುವಯಸ್ಸಿನ ಗಂಡಸರು ಒಬ್ಬರ ಹಿಂದೆ ಒಬ್ಬರು ಹೋಗ್ತಿದ್ದ ಕಾಲ ಅದು. ಹಾಗಾಗಿ ಇಡೀ ದೇಶ ಒಂದೇ ಪ್ರಶ್ನೆ ಕೇಳ್ತು: ಇದಕ್ಕೆ ಕಾರಣ ಏನು? ಅಂದಹಾಗೆ ಐಸೆನ್‌ಹೋವರ್ ಅದಕ್ಕೆ ಕೆಲವು ವರ್ಷ ಮುಂಚಿನವರೆಗೂ ದಿನಕ್ಕೆ ನಾಲ್ಕು ಪ್ಯಾಕ್ ಸಿಗರೇಟ್ ಸೇದ್ತಿದ್ದವರು. ಆದರೆ ಜನ ಉತ್ತರ ಹುಡುಕಿದ್ದು ಊಟದ ತಟ್ಟೆಯಲ್ಲಿ.

ಉತ್ತರ ಕೊಡೋಕೆ ಇಬ್ಬರು ವಿಜ್ಞಾನಿಗಳು ಮುಂದೆ ಬಂದರು. ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಹೇಳಿದ್ದು: ಕೊಬ್ಬು, ಅದರಲ್ಲೂ ಮಾಂಸ ಮತ್ತು ಬೆಣ್ಣೆಯಲ್ಲಿರೋ ಸ್ಯಾಚುರೇಟೆಡ್ ಕೊಬ್ಬು. ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನ ಪ್ರೊಫೆಸರ್ ಜಾನ್ ಯುಡ್ಕಿನ್ ಹೇಳಿದ್ದು: ಸಕ್ಕರೆ ಕಡೆಗೂ ನೋಡ್ರಪ್ಪಾ.

ಕೀಸ್ ಗಟ್ಟಿ ದನಿಯ ಮನುಷ್ಯ. 1961ರ ಜನವರಿಯಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ಏಳು ದೇಶಗಳ ಜನರ ಆಹಾರ ಮತ್ತು ಹೃದಯವನ್ನ ವರ್ಷಗಟ್ಟಲೆ ಹಿಂಬಾಲಿಸಿದ ದೊಡ್ಡ ಅಧ್ಯಯನ ಅವರದ್ದು. ಯುಡ್ಕಿನ್ ಅಷ್ಟು ಗಟ್ಟಿ ದನಿಯವರಲ್ಲ. ಅವರ ಸಾಕ್ಷ್ಯ ಕೂಡ ಆಗ ಪೂರ್ತಿ ಗಟ್ಟಿಯಾಗಿರಲಿಲ್ಲ ಅನ್ನೋದನ್ನ ನಾವು ಒಪ್ಪಿಕೊಳ್ಳಬೇಕು. 1957ರಲ್ಲಿ ಅವರೇ ತಮ್ಮ ಪ್ರಬಂಧದಲ್ಲಿ ಒಂದು ಮಜಾ ವಿಷಯ ತೋರಿಸಿದ್ರು. ಬ್ರಿಟನ್ನಿನಲ್ಲಿ ಹೃದಯಾಘಾತದ ಸಾವುಗಳ ಏರಿಕೆಗೆ ತುಂಬಾ ಚೆನ್ನಾಗಿ ಹೊಂದಿಕೊಳ್ಳೋ ಗೆರೆ ಯಾವುದು ಗೊತ್ತಾ? ಕೊಬ್ಬಿನದ್ದೂ ಅಲ್ಲ, ಸಕ್ಕರೆಯದ್ದೂ ಅಲ್ಲ, ರೇಡಿಯೋ ಮತ್ತು ಟಿವಿ ಲೈಸೆನ್ಸ್‌ಗಳ ಸಂಖ್ಯೆಯದ್ದು. ಎರಡು ಗೆರೆ ಒಟ್ಟಿಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಲ್ಲ ಅಂತ ಎಚ್ಚರಿಸಿದ ಮನುಷ್ಯ ಅವರು.

ಹಾಗಾದ್ರೆ ಇದು ಇಬ್ಬರು ವಿಜ್ಞಾನಿಗಳ ನಡುವಿನ ಜಗಳ. ವಿಜ್ಞಾನದಲ್ಲಿ ಇಂಥ ಜಗಳ ಆಗಬೇಕು, ಆಗುತ್ತೆ. ಇನ್ನೊಂದಷ್ಟು ಪ್ರಯೋಗ ನಡೆದು, ಒಂದಲ್ಲ ಒಂದು ದಿನ ತೀರ್ಮಾನ ಆಗ್ತಿತ್ತು. ಆದರೆ ಕೋಣೆಯಲ್ಲಿ ಮೂರನೆಯವರೊಬ್ಬರು ಕೂತಿದ್ದರು.

ಅವರ ಹೆಸರು ಶುಗರ್ ರಿಸರ್ಚ್ ಫೌಂಡೇಶನ್. 1943ರಲ್ಲಿ ಸಕ್ಕರೆ ಉದ್ಯಮ ಹುಟ್ಟುಹಾಕಿದ ಸಂಸ್ಥೆ. ಇದರ ಅಧ್ಯಕ್ಷ ಹೆನ್ರಿ ಹ್ಯಾಸ್ 1954ರಲ್ಲಿ ಬೀಟ್ ಸಕ್ಕರೆ ತಂತ್ರಜ್ಞರ ಸಭೆಯಲ್ಲಿ ಒಂದು ಭಾಷಣ ಮಾಡ್ತಾರೆ. ಅದರ ಸಾರ ಕೇಳಿ. ಅಮೆರಿಕದ ಜನ ವೈದ್ಯರ ಮಾತು ಕೇಳಿ ಕೊಬ್ಬು ಕಡಿಮೆ ಮಾಡಿದರೆ, ಆ ಜಾಗ ತುಂಬೋಕೆ ಬೇರೇನಾದರೂ ತಿನ್ನಲೇಬೇಕು. ಆ ಜಾಗದಲ್ಲಿ ಸಕ್ಕರೆ ತನ್ನ ಪಾಲು ಉಳಿಸಿಕೊಂಡರೆ ಸಾಕು, ತಲಾ ಸಕ್ಕರೆ ಬಳಕೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ಏರುತ್ತೆ.

ಇದರಲ್ಲಿ ಪಿತೂರಿ ಏನೂ ಇಲ್ಲ ಅಂತ ನೀವು ಹೇಳಬಹುದು. ವ್ಯಾಪಾರದವರು ಲೆಕ್ಕ ಹಾಕೋದು ಸಹಜ. ನಾನೂ ಒಪ್ತೀನಿ. ಐಸೆನ್‌ಹೋವರ್‌ಗೆ ಹೃದಯಾಘಾತ ಆಗೋ ಮುಂಚಿನ ಮಾತಿದು. ಆದರೆ ಕೊಬ್ಬಿನ ಮೇಲೆ ಅಪವಾದ ಬಂದರೆ ಲಾಭ ಯಾರಿಗೆ ಅಂತ ಅವರಿಗೆ ಅಷ್ಟು ಮುಂಚೇನೇ ಗೊತ್ತಿತ್ತು ಅನ್ನೋದನ್ನ ಮಾತ್ರ ನೆನಪಿಟ್ಟುಕೊಳ್ಳಿ.

ಈಗ ಹತ್ತು ವರ್ಷ ಮುಂದಕ್ಕೆ ಬನ್ನಿ. 1964ರಲ್ಲಿ ಯುಡ್ಕಿನ್ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೀತಾರೆ, ರಕ್ತನಾಳದ ಕಾಯಿಲೆ ಇರೋರು ಇಲ್ಲದವರಿಗಿಂತ ಜಾಸ್ತಿ ಸಕ್ಕರೆ ತಿಂತಾ ಇದ್ದರು ಅಂತ. ಬೇರೆ ಕಡೆಯಿಂದಲೂ ಇಂಥ ಪ್ರಬಂಧಗಳು ಬರತೊಡಗಿದವು. 1965ರ ಜುಲೈ 11ರಂದು ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್ ಅರ್ಧ ಪುಟದಷ್ಟು ದೊಡ್ಡ ಲೇಖನ ಹಾಕುತ್ತೆ: ಸಕ್ಕರೆ ಮತ್ತು ಹೃದಯಾಘಾತದ ನಂಟಿಗೆ ಹೊಸ ಪುರಾವೆ. ಎರಡೇ ದಿನ. ಜುಲೈ 13ಕ್ಕೆ ಫೌಂಡೇಶನ್ನಿನ ಕಾರ್ಯಕಾರಿ ಸಮಿತಿ ಒಂದು ಯೋಜನೆಗೆ ಒಪ್ಪಿಗೆ ಕೊಡುತ್ತೆ. ಕಡತದಲ್ಲಿ ಅದರ ಹೆಸರು ಪ್ರಾಜೆಕ್ಟ್ 226.

ಯೋಜನೆ ಏನು? ಹಾರ್ವರ್ಡ್‌ನ ಪೌಷ್ಟಿಕಾಂಶ ವಿಭಾಗದ ವಿಜ್ಞಾನಿಗಳಿಂದ ಒಂದು ವಿಮರ್ಶಾ ಪ್ರಬಂಧ ಬರೆಸೋದು. ಅಂದ್ರೆ ಹೊಸ ಪ್ರಯೋಗ ಮಾಡೋದಲ್ಲ, ಇಲ್ಲಿಯವರೆಗೆ ಬಂದಿರೋ ಅಧ್ಯಯನಗಳನ್ನೆಲ್ಲ ಓದಿ ಯಾವುದು ಗಟ್ಟಿ, ಯಾವುದು ಜೊಳ್ಳು ಅಂತ ಹೇಳೋದು. ಡಾಕ್ಟರುಗಳು ನೂರಾರು ಅಧ್ಯಯನ ಓದೋಕಾಗಲ್ಲ ನೋಡಿ, ಇಂಥ ವಿಮರ್ಶೆಯೊಂದನ್ನ ಓದ್ತಾರೆ. ಹಾಗಾಗಿ ಒಂದು ಒಳ್ಳೆ ವಿಮರ್ಶೆಗೆ ಹತ್ತು ಪ್ರಯೋಗದ ತೂಕ. ವಿಭಾಗದ ಮುಖ್ಯಸ್ಥರು ಫ್ರೆಡ್ರಿಕ್ ಸ್ಟೇರ್. ಬರೆದವರು ರಾಬರ್ಟ್ ಮ್ಯಾಗ್ಯಾಂಡಿ, ಮಾರ್ಕ್ ಹೆಗ್‌ಸ್ಟೆಡ್ ಮತ್ತು ಸ್ಟೇರ್. ಕೊಟ್ಟ ದುಡ್ಡು 6,500 ಡಾಲರ್. 2016ರ ಬೆಲೆಗೆ ತಿರುಗಿಸಿದರೆ 48,900 ಡಾಲರ್. ಒಂದು ಇಡೀ ಉದ್ಯಮಕ್ಕೆ ಇದು ಚಿಲ್ಲರೆ ಕಾಸು.

ಫೌಂಡೇಶನ್ನಿನ ಕಡೆಯಿಂದ ಪತ್ರ ಬರೀತಿದ್ದವರು ಸಂಶೋಧನಾ ನಿರ್ದೇಶಕ ಜಾನ್ ಹಿಕ್ಸನ್. ಯಾವ ಲೇಖನಗಳ ಮೇಲೆ ತಮಗೆ ವಿಶೇಷ ಆಸಕ್ತಿ ಅಂತ ಅವರು ಮುಂಚೇನೇ ಹೇಳಿದ್ರು. ಲೇಖನಗಳನ್ನ ಒದಗಿಸಿದ್ರು. ಕರಡು ಪ್ರತಿ ತರಿಸಿ ಓದಿದ್ರು. ಮಧ್ಯೆ ಕೆಲಸ ತಡವಾದಾಗ ಹೆಗ್‌ಸ್ಟೆಡ್ ಕೊಟ್ಟ ಕಾರಣ ಕೇಳಿದರೆ ನಗು ಬರುತ್ತೆ: ಅಯೋವಾದ ತಂಡ ಸಕ್ಕರೆ ಬಗ್ಗೆ ಹೊಸ ಪ್ರಬಂಧ ಹಾಕಿದಾಗಲೆಲ್ಲ ಅದಕ್ಕೆ ಖಂಡನೆ ಬರೆಯೋಕೆ ನಾವು ಒಂದು ಭಾಗ ತಿದ್ದಬೇಕಾಗ್ತಿದೆ ಅಂತ. ಗಮನಿಸಿ, ಹೊಸ ಪುರಾವೆ ಬಂದರೆ ಅಭಿಪ್ರಾಯ ಬದಲಾಗಬೇಕು. ಇಲ್ಲಿ ಖಂಡನೆ ಉದ್ದ ಆಗ್ತಿದೆ. ಕೊನೆಯ ಕರಡು ನೋಡಿದ ಹಿಕ್ಸನ್, ನಮ್ಮ ಮನಸ್ಸಿನಲ್ಲಿದ್ದಿದ್ದು ಇದೇ, ಅಚ್ಚಾಗೋದನ್ನ ಕಾಯ್ತೀವಿ ಅನ್ನೋ ಅರ್ಥದಲ್ಲಿ ಉತ್ತರ ಬರೆದರು.

1967ರ ಜುಲೈ ಕೊನೆ ಮತ್ತು ಆಗಸ್ಟ್ ಮೊದಲ ವಾರ, ಎರಡು ಕಂತಿನಲ್ಲಿ, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅದು ಪ್ರಕಟ ಆಯ್ತು. ವೈದ್ಯ ಲೋಕದಲ್ಲಿ ಅದಕ್ಕಿಂತ ದೊಡ್ಡ ವೇದಿಕೆ ಹುಡುಕೋದು ಕಷ್ಟ. ತೀರ್ಪು ಏನು? ಹೃದಯದ ಕಾಯಿಲೆ ತಡೆಯೋಕೆ ಆಹಾರದಲ್ಲಿ ಮಾಡಬೇಕಾದ ಬದಲಾವಣೆ ಕೊಬ್ಬಿನದ್ದು ಮತ್ತು ಕೊಲೆಸ್ಟ್ರಾಲ್‌ನದ್ದು ಮಾತ್ರ. ಸಕ್ಕರೆಯನ್ನ ದೂರೋ ಅಧ್ಯಯನಗಳಿಗೆ ಅವರು ಹಿಡಿದ ಅಳತೆಗೋಲು ಬಲು ಬಿಗಿ, ಕೊಬ್ಬನ್ನ ದೂರೋ ಅಧ್ಯಯನಗಳಿಗೆ ಹಿಡಿದಿದ್ದು ಸಡಿಲ. ಪ್ರಬಂಧದ ಕೆಳಗೆ ಬೇರೆ ಧನಸಹಾಯಗಳ ಹೆಸರು ಇದ್ದವು. ಸಕ್ಕರೆಯವರ ಹೆಸರು ಇರಲಿಲ್ಲ.

ಉಪ್ಪಿನ ಋಣ ಅಂತೀವಲ್ಲ, ಇದು ಸಕ್ಕರೆ ಋಣ.

ಇದೆಲ್ಲ ನಮಗೆ ಗೊತ್ತಾಗಿದ್ದು ಹೇಗೆ? ಅದು ಇನ್ನೊಂದು ಕಥೆ, ನನಗೆ ತುಂಬಾ ಇಷ್ಟವಾದ ಕಥೆ. ಕ್ರಿಸ್ಟಿನ್ ಕರ್ನ್ಸ್ ಅಂತ ಡೆನ್ವರ್‌ನ ಒಬ್ಬ ದಂತವೈದ್ಯೆ. 2007ರಲ್ಲಿ ಮಧುಮೇಹ ಮತ್ತು ಹಲ್ಲಿನ ಆರೋಗ್ಯದ ಒಂದು ಸಮಾವೇಶಕ್ಕೆ ಹೋಗಿದ್ದಾಗ ಅವರ ಕೈಗೆ ಮಧುಮೇಹಿಗಳಿಗೆ ಆಹಾರ ಸಲಹೆ ಕೊಡೋ ಒಂದು ಕರಪತ್ರ ಸಿಗುತ್ತೆ. ಅದರಲ್ಲಿ ಸಕ್ಕರೆ ಕಡಿಮೆ ಮಾಡಿ ಅನ್ನೋ ಒಂದು ಮಾತೂ ಇರಲಿಲ್ಲ. ಹಲ್ಲಿನ ಡಾಕ್ಟರಿಗೆ ಇದು ಹೇಗೆ ಕಂಡಿರಬಹುದು ಯೋಚನೆ ಮಾಡಿ. ದಿನಾ ಬೆಳಗಾದರೆ ಸಕ್ಕರೆ ಕೊರೆದ ಹಲ್ಲುಗಳನ್ನೇ ನೋಡೋರು ಅವರು. ಕೆಲಸ ಬಿಟ್ಟು ಗ್ರಂಥಾಲಯಗಳ ಹಳೇ ಪೆಟ್ಟಿಗೆಗಳನ್ನ ಹುಡುಕೋಕೆ ಶುರು ಮಾಡಿದ್ರು. ಮುಚ್ಚಿಹೋದ ಒಂದು ಸಕ್ಕರೆ ಕಂಪನಿಯ ಕಾಗದಪತ್ರ ಕೊಲೊರಾಡೊದ ವಿಶ್ವವಿದ್ಯಾಲಯವೊಂದರಲ್ಲಿ ಸಿಕ್ಕವು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಫೌಂಡೇಶನ್ನಿಗೆ ಸಲಹೆಗಾರರಾಗಿದ್ದ ರಸಾಯನಶಾಸ್ತ್ರಜ್ಞ ರೋಜರ್ ಆಡಮ್ಸ್ ಅವರ ಪತ್ರಗಳಿದ್ದವು. ಹಾರ್ವರ್ಡ್‌ನಲ್ಲಿ ಹೆಗ್‌ಸ್ಟೆಡ್ ಪತ್ರಗಳಿದ್ದವು. ಯಾರೂ ಬಚ್ಚಿಟ್ಟಿರಲಿಲ್ಲ, ಯಾರೂ ತೆರೆದು ನೋಡಿರಲಿಲ್ಲ, ಅಷ್ಟೇ. 2016ರ ಸೆಪ್ಟೆಂಬರ್‌ನಲ್ಲಿ ಕರ್ನ್ಸ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅವರ ಸಹೋದ್ಯೋಗಿಗಳು ಇದನ್ನ ಪ್ರಕಟಿಸಿದರು. ಹಾರ್ವರ್ಡ್‌ನ ಆ ಮೂವರೂ ಅಷ್ಟೊತ್ತಿಗೆ ಬದುಕಿರಲಿಲ್ಲ. ಮರುವರ್ಷ ಅದೇ ತಂಡ ಇನ್ನೊಂದು ಕಡತ ಹೊರಗೆ ತಂತು: ಬರ್ಮಿಂಗ್‌ಹ್ಯಾಮ್‌ನಲ್ಲಿ 1968ರಿಂದ ಸಕ್ಕರೆಯವರ ದುಡ್ಡಿನಲ್ಲಿ ಇಲಿಗಳ ಮೇಲೆ ನಡೀತಿದ್ದ ಪ್ರಯೋಗ. ಅದರ ಸೂಚನೆಗಳು ಸಕ್ಕರೆಗೆ ಅನುಕೂಲವಾಗಿ ಇರಲಿಲ್ಲ. ಮುಗಿಸೋಕೆ ಇನ್ನಷ್ಟು ಸಮಯ ಬೇಕು ಅಂತ ಕೇಳಿದಾಗ ದುಡ್ಡು ನಿಂತಿತು. ಫಲಿತಾಂಶ ಪ್ರಕಟ ಆಗಲೇ ಇಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಯೂಟ್ಯೂಬ್‌ನಲ್ಲಿ ಈ ಕಥೆಯನ್ನ ಬೇರೆ ಥರ ಹೇಳ್ತಾರೆ. ಸಕ್ಕರೆ ಕಂಪನಿಗಳು ದುಡ್ಡು ಕೊಟ್ಟು ಕೊಬ್ಬಿನ ಬಗ್ಗೆ ಸುಳ್ಳು ಹಬ್ಬಿಸಿದವು, ಹಾಗಾಗಿ ತುಪ್ಪ ಬೆಣ್ಣೆ ಎಷ್ಟು ಬೇಕಾದ್ರೂ ತಿನ್ನಿ ಅಂತ. ಅದು ಸರಿಯಲ್ಲ. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಡೇವಿಡ್ ಜಾನ್ಸ್ ಮತ್ತು ಜೆರಾಲ್ಡ್ ಓಪನ್‌ಹೈಮರ್ ಅನ್ನೋ ಇಬ್ಬರು ಗಟ್ಟಿಯಾಗೇ ಆಕ್ಷೇಪಿಸಿದ್ರು. ಆ ಕಾಲದಲ್ಲಿ ಉದ್ಯಮದ ದುಡ್ಡು ತಗೊಳ್ಳೋದು ಮಾಮೂಲಿ, ಹೈನು ಉದ್ಯಮವೂ ಕೊಡ್ತಿತ್ತು. ಹಾರ್ವರ್ಡ್‌ನವರು ಕೊಬ್ಬಿನ ಸಿದ್ಧಾಂತವನ್ನ ದುಡ್ಡಿಗೂ ಮುಂಚೆ ನಂಬಿದ್ದರು. ಧನಸಹಾಯ ಬಹಿರಂಗ ಮಾಡಬೇಕು ಅನ್ನೋ ನಿಯಮ ಆ ಪತ್ರಿಕೆಗೆ ಬಂದಿದ್ದೇ 1984ರಲ್ಲಿ. ಈ ಮಾತುಗಳೆಲ್ಲ ನಿಜ. ಸ್ಯಾಚುರೇಟೆಡ್ ಕೊಬ್ಬು ಕೊಲೆಸ್ಟ್ರಾಲ್ ಏರಿಸುತ್ತೆ ಅನ್ನೋದೂ ನಿಜ.

ಆದರೆ ನನಗೆ ಮುಖ್ಯ ಅನ್ನಿಸೋದು ಬೇರೆ. ಕೊಬ್ಬು ತಪ್ಪಿತಸ್ಥ ಹೌದೋ ಅಲ್ವೋ ಅನ್ನೋ ವಿಚಾರಣೆ ನಡೀತಾ ಇರುವಾಗ, ಇನ್ನೊಬ್ಬ ಆರೋಪಿಯನ್ನ ಹಿಂಬಾಗಿಲಿನಿಂದ ಮನೆಗೆ ಕಳಿಸಿದ್ರು. ಆಮೇಲೆ ಆ ಆರೋಪಿ ಎಲ್ಲರ ಅಡುಗೆಮನೆಗೂ ಬಂದ.

ಹೇಗೆ ಬಂದ ಅಂತ ನೋಡಿ. ಕೊಬ್ಬು ಕಡಿಮೆ ಮಾಡಿ ಅನ್ನೋ ಸಲಹೆ 1977ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ವರದಿಯಾಯ್ತು. ಆ ವರದಿ ಸಕ್ಕರೆಯನ್ನೂ ಕಡಿಮೆ ಮಾಡಿ ಅಂದಿತ್ತು ಅನ್ನೋದನ್ನ ಜನ ಮರೀತಾರೆ. ಅದರ ಹಿಂದಿದ್ದ ವಿಜ್ಞಾನಿಗಳಲ್ಲಿ ಹೆಗ್‌ಸ್ಟೆಡ್ ಕೂಡ ಒಬ್ಬರು, ಆಮೇಲೆ ಅವರು ಸರ್ಕಾರದ ಕೃಷಿ ಇಲಾಖೆಯಲ್ಲಿ ಪೌಷ್ಟಿಕಾಂಶದ ಹೊಣೆ ಹೊತ್ತರು. ಆದರೆ ಅಂಗಡಿಯ ಶೆಲ್ಫ್ ಕೇಳಿಸಿಕೊಂಡಿದ್ದು ಒಂದೇ ಮಾತು: ಲೋ ಫ್ಯಾಟ್. ಈಗ ಬಿಸ್ಕತ್ತಿನಿಂದ ಕೊಬ್ಬು ತೆಗೀರಿ. ಏನಾಗುತ್ತೆ? ರಟ್ಟು ಜಗಿದಂತೆ ಇರುತ್ತೆ. ರುಚಿ ಹೋಯ್ತು, ಮೃದುತನ ಹೋಯ್ತು, ಬಾಯಲ್ಲಿ ಕರಗೋ ಗುಣ ಹೋಯ್ತು. ಅದನ್ನ ವಾಪಸ್ ತರೋ ಅಗ್ಗದ ಪದಾರ್ಥ ಸಕ್ಕರೆ. 1992ರಲ್ಲಿ ನಬಿಸ್ಕೊ ಕಂಪನಿ ಸ್ನ್ಯಾಕ್‌ವೆಲ್ಸ್ ಅಂತ ಕೊಬ್ಬಿಲ್ಲದ ಕುಕೀಸ್ ತಂತು. ಹಸಿರು ಪ್ಯಾಕೆಟ್, ಒಳಗೆ ಸಕ್ಕರೆ ಚಾಕೊಲೇಟು. ಜನ ಮುಗಿಬಿದ್ದರು. ಕೊಬ್ಬಿಲ್ಲವಲ್ಲ ಅಂತ ಒಂದು ತಿನ್ನೋ ಕಡೆ ಅರ್ಧ ಡಬ್ಬ ತಿನ್ನೋದಕ್ಕೆ ಅಲ್ಲಿ ಸ್ನ್ಯಾಕ್‌ವೆಲ್ ಎಫೆಕ್ಟ್ ಅನ್ನೋ ಹೆಸರೇ ಹುಟ್ಟಿತು. 1954ರ ಹ್ಯಾಸ್ ಲೆಕ್ಕ ನೆನಪಾಯ್ತಾ?

ನ್ಯಾಯವಾಗಿ ಹೇಳಬೇಕಂದ್ರೆ ಸಕ್ಕರೆ ಬರೀ ಸಿಹಿಗಾಗಿ ಬರೋದಲ್ಲ, ಕಾರ್ಖಾನೆಯಲ್ಲಿ ಅದಕ್ಕೆ ಹತ್ತಾರು ಕೆಲಸ. ಬ್ರೆಡ್ಡಿನ ಈಸ್ಟ್‌ಗೆ ಮೇವು ಅದು. ತೊಗಟೆಗೆ ಕೆಂಪು ಬಣ್ಣ ಕೊಡುತ್ತೆ. ನೀರನ್ನ ಹಿಡಿದಿಟ್ಟುಕೊಂಡು ಕೆಡದಂತೆ ಕಾಯುತ್ತೆ. ಹುಳಿಯನ್ನ ತಗ್ಗಿಸುತ್ತೆ. ನಮ್ಮ ಕೆಚಪ್ ಕಥೆಯೂ ಇದೇ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಬೆಂಜೊಯೇಟ್ ಅನ್ನೋ ಸಂರಕ್ಷಕ ರಾಸಾಯನಿಕದ ವಿರುದ್ಧ ಕೂಗು ಎದ್ದಾಗ ಹೈಂಜ್ ಕಂಪನಿ ಅದನ್ನ ಬಿಟ್ಟು, ಚೆನ್ನಾಗಿ ಹಣ್ಣಾದ ಟೊಮೆಟೊ, ಜಾಸ್ತಿ ವಿನೆಗರ್, ಜಾಸ್ತಿ ಸಕ್ಕರೆ ಹಾಕಿತು. ರಾಸಾಯನಿಕ ಬೇಡ ಅಂದದ್ದಕ್ಕೆ ಸಿಕ್ಕ ಪರಿಹಾರ ಸಕ್ಕರೆ. ಒಂದು ಭಯ ಓಡಿಸೋಕೆ ಹೋಗಿ ಸಕ್ಕರೆ ಒಳಗೆ ಬರೋದು ಹಳೇ ಚಾಳಿ.

ದೇಹದೊಳಗೆ ಏನಾಗುತ್ತೆ ಅನ್ನೋದನ್ನ ಬೇಗ ಹೇಳಿಬಿಡ್ತೀನಿ. ನಾವು ಸಕ್ಕರೆ ಅನ್ನೋ ಸುಕ್ರೋಸ್‌ನಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನ ಮೈಯ ಎಲ್ಲ ಜೀವಕೋಶಗಳೂ ಬಳಸಿಕೊಳ್ತವೆ. ಫ್ರಕ್ಟೋಸಿನ ಹೆಚ್ಚಿನ ಪಾಲು ನಿಭಾಯಿಸೋದು ಲಿವರ್. ಹಣ್ಣಿನಲ್ಲೂ ಫ್ರಕ್ಟೋಸ್ ಇದೆ, ಆದರೆ ನಾರಿನ ಜೊತೆ ನಿಧಾನಕ್ಕೆ, ಸ್ವಲ್ಪ ಸ್ವಲ್ಪವೇ ಬರುತ್ತೆ. ಕೋಲಾ ಬಾಟಲಿಯಲ್ಲಿ ಒಂದೇ ಸಲ ನುಗ್ಗುತ್ತೆ: 100 ಮಿಲಿಲೀಟರಿಗೆ 10 ಗ್ರಾಂಗೂ ಮೀರಿ ಸಕ್ಕರೆ. ಇದು ದಿನಾ ನಡೆದರೆ ಲಿವರ್ ಅದನ್ನ ಕೊಬ್ಬು ಮಾಡಿ ತನ್ನಲ್ಲೇ ಇಟ್ಟುಕೊಳ್ಳುತ್ತೆ, ರಕ್ತಕ್ಕೂ ಕಳಿಸುತ್ತೆ. ಟ್ರೈಗ್ಲಿಸರೈಡ್ ಏರುತ್ತೆ, ಇನ್ಸುಲಿನ್ನಿನ ಮಾತನ್ನ ಮೈ ಕೇಳೋದು ಕಡಿಮೆ ಆಗುತ್ತೆ. ಕುಡಿದ ಸಕ್ಕರೆ ಹೊಟ್ಟೆ ತುಂಬಿಸಲ್ಲ ಅನ್ನೋದು ಇನ್ನೊಂದು ತೊಂದರೆ, ಊಟ ಎಂದಿನಷ್ಟೇ ಮಾಡ್ತೀವಿ. ಡಯಾಬಿಟಿಸ್‌ಗೆ ಸಕ್ಕರೆ ಒಂದೇ ಕಾರಣ ಅಂತ ಯಾರಾದ್ರೂ ಹೇಳಿದರೆ ನಂಬಬೇಡಿ, ವಂಶ, ತೂಕ, ಕೂತಲ್ಲೇ ಕೂರೋದು, ಒಟ್ಟು ಊಟ ಎಲ್ಲ ಸೇರುತ್ತೆ. ಆದರೆ ಸಿಹಿ ಪಾನೀಯ ಆ ಪಟ್ಟಿಯಲ್ಲಿ ಇದೆ ಅನ್ನೋದರಲ್ಲಿ ಈಗ ಅನುಮಾನ ಉಳಿದಿಲ್ಲ.

ಯುಡ್ಕಿನ್ ಏನಾದರು? 1972ರಲ್ಲಿ ಜನಸಾಮಾನ್ಯರಿಗಾಗಿ ಪ್ಯೂರ್, ವೈಟ್ ಅಂಡ್ ಡೆಡ್ಲಿ ಅನ್ನೋ ಪುಸ್ತಕ ಬರೆದರು. ಅವರ ವಾದವನ್ನ ಕೀಸ್ ಬಹಿರಂಗವಾಗೇ ಗೇಲಿ ಮಾಡಿದರು. ಸಕ್ಕರೆ ಸಂಸ್ಥೆಯೊಂದು ಅವರ ಪುಸ್ತಕವನ್ನ ಸೈನ್ಸ್ ಫಿಕ್ಷನ್ ಅಂದುಬಿಟ್ಟಿತು. ಯುಡ್ಕಿನ್ ಕಾನೂನಿನ ದಾರಿ ಹಿಡಿದು ಆ ಮಾತನ್ನ ವಾಪಸ್ ತೆಗೆಸಿದರು, ಆದರೆ ಹೆಸರಿಗೆ ಬಿದ್ದ ಪೆಟ್ಟು ಬಿದ್ದೇ ಬಿತ್ತು. ಸಕ್ಕರೆ ಬಗ್ಗೆ ಮಾತಾಡಿದರೆ ಯುಡ್ಕಿನ್ ಥರ ಆಗ್ತೀಯ ಅನ್ನೋ ಅಂಜಿಕೆ ಆ ಕ್ಷೇತ್ರದಲ್ಲಿ ಉಳಿಯಿತು. 1995ರಲ್ಲಿ ಅವರು ತೀರಿಕೊಂಡಾಗ ಪುಸ್ತಕ ಮರೆತೇಹೋಗಿತ್ತು. 2009ರಲ್ಲಿ ಅಮೆರಿಕದ ಮಕ್ಕಳ ವೈದ್ಯ ರಾಬರ್ಟ್ ಲಸ್ಟಿಗ್ ಮಾಡಿದ ಒಂದೂವರೆ ಗಂಟೆಯ ಉಪನ್ಯಾಸ ಯೂಟ್ಯೂಬ್‌ನಲ್ಲಿ ಲಕ್ಷಾಂತರ ಜನರಿಗೆ ಮುಟ್ಟಿತು. ಅದರಲ್ಲಿ ಯುಡ್ಕಿನ್ ಹೆಸರು ಬಂತು. 2012ರಲ್ಲಿ ಪುಸ್ತಕ ಮತ್ತೆ ಅಚ್ಚಾಯ್ತು.

ಇದು ಹಳೇ ಕಾಲದ ಕಥೆ ಅಂದುಕೊಳ್ಳಬೇಡಿ. 2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದಿನದ ಕ್ಯಾಲೊರಿಯಲ್ಲಿ ಸೇರಿಸಿದ ಸಕ್ಕರೆ ಶೇ. 10 ಮೀರಬಾರದು ಅಂತ ವರದಿ ತರೋಕೆ ಹೊರಟಾಗ, ಅಮೆರಿಕದ ಶುಗರ್ ಅಸೋಸಿಯೇಶನ್ ಅದರ ಮುಖ್ಯಸ್ಥೆಗೆ ನೇರವಾಗಿ ಪತ್ರ ಬರೆಯಿತು. ವರದಿ ಹೊರಗೆ ಬಂದರೆ ನಿಮಗೆ ಅಮೆರಿಕ ಕೊಡೋ 40.6 ಕೋಟಿ ಡಾಲರ್ ನಿಲ್ಲಿಸೋಕೆ ನಮ್ಮ ಸಂಸತ್ತಿನಲ್ಲಿ ಒತ್ತಡ ಹಾಕ್ತೀವಿ ಅನ್ನೋದು ಅದರ ಧಾಟಿ. ವರದಿ ಆದರೂ ಬಂತು. 2015ರಲ್ಲಿ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶೇ. 10ಕ್ಕಿಂತ ಕಡಿಮೆ ಇರಲಿ, ಸಾಧ್ಯವಾದರೆ ಶೇ. 5ಕ್ಕೆ ಇಳಿಸಿ ಅಂತು. ಶೇ. 5 ಅಂದ್ರೆ ದೊಡ್ಡವರಿಗೆ ದಿನಕ್ಕೆ ಸುಮಾರು 25 ಗ್ರಾಂ, ಆರು ಟೀ ಚಮಚ. ಈ ಲೆಕ್ಕದಲ್ಲಿ ಜೇನುತುಪ್ಪ, ಸಿರಪ್, ಜ್ಯೂಸ್ ಕೂಡ ಬರುತ್ತೆ. ಸಕ್ಕರೆ ಇಲ್ಲ, ಬೆಲ್ಲ ಹಾಕಿದೀವಿ ಅಂತ ದೊಡ್ಡಕ್ಷರದಲ್ಲಿ ಬರೆದ ಕುಕೀಸ್ ಈಗ ಬೆಂಗಳೂರಿನ ಪ್ರತಿ ಆರ್ಗ್ಯಾನಿಕ್ ಅಂಗಡಿಯಲ್ಲೂ ಸಿಗುತ್ತೆ. ಬೆಲ್ಲದ ಬಹುಪಾಲು ಸುಕ್ರೋಸೇ. ರುಚಿ ಬೇರೆ, ಪ್ರೀತಿ ಬೇರೆ, ಲಿವರ್‌ಗೆ ಅಂಥ ವ್ಯತ್ಯಾಸ ಗೊತ್ತಾಗಲ್ಲ.

ಈಗ ನಮ್ಮ ಕಡೆಗೆ ಬರೋಣ. ಸಕ್ಕರೆಗೂ ನಮಗೂ ನಂಟು ಹಳೇದು. ಸಂಸ್ಕೃತದ ಶರ್ಕರಾ ನಮ್ಮಲ್ಲಿ ಸಕ್ಕರೆ ಆಯ್ತು, ಪರ್ಷಿಯಾ ಅರೇಬಿಯಾ ದಾಟಿ ಇಂಗ್ಲಿಷಿನ ಶುಗರ್ ಆಯ್ತು. ಮಂಡ್ಯವನ್ನ ಸಕ್ಕರೆ ನಾಡು ಅಂತ ಹೆಮ್ಮೆಯಿಂದ ಕರೀತೀವಿ. ಕಾಯಿಲೆಗೂ ಅದೇ ಹೆಸರಿಟ್ಟಿದೀವಿ, ಸಕ್ಕರೆ ಕಾಯಿಲೆ. ಈ ಸಂಚಿಕೆ ಕೇಳಿ ಕಬ್ಬು ಬೆಳೆಯೋರ ಮೇಲೆ ಯಾರೂ ಸಿಟ್ಟಾಗಬೇಡಿ. ಕಾರ್ಖಾನೆಯಿಂದ ಬಾಕಿ ಬಿಲ್ ಬರಲಿ ಅಂತ ರಸ್ತೆಯಲ್ಲಿ ಕೂರೋ ರೈತ ಪ್ಯಾಕೆಟ್ ಮೇಲೆ ಏನು ಬರೀಬೇಕು ಅಂತ ನಿರ್ಧಾರ ಮಾಡಿದವನಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ 2023ರಲ್ಲಿ ಪ್ರಕಟ ಆಯ್ತು. ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಬೋರ್ನ್‌ವಿಟಾದಲ್ಲಿರೋ ಸಕ್ಕರೆ ಬಗ್ಗೆ ಒಬ್ಬ ಯುವಕ ಮಾಡಿದ ವಿಡಿಯೋ ವೈರಲ್ ಆಗಿದ್ದು ನಿಮಗೆ ನೆನಪಿರಬಹುದು. ಕಂಪನಿ ಅದರಲ್ಲಿರೋ ಮಾತು ತಪ್ಪು ಅಂತು, ಲೀಗಲ್ ನೋಟಿಸ್ ಹೋಯ್ತು, ಆತ ವಿಡಿಯೋ ತೆಗೆದ. ಆದರೆ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಕಂಪನಿಗೆ ನೋಟಿಸ್ ಕೊಟ್ಟಿತು. ವರ್ಷದ ಕೊನೆಗೆ ಸೇರಿಸಿದ ಸಕ್ಕರೆಯ ಪ್ರಮಾಣ ಶೇ. 14.4ರಷ್ಟು ಕಡಿಮೆ ಆಯ್ತು. 2024ರ ಏಪ್ರಿಲ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದ್ರೆ ಎಫ್‌ಎಸ್‌ಎಸ್‌ಎಐ, ಆನ್‌ಲೈನ್ ಅಂಗಡಿಗಳಿಗೆ ಹೇಳಿತು: ಇಂಥ ಮಾಲ್ಟ್ ಪಾನೀಯಗಳನ್ನ ಹೆಲ್ತ್ ಡ್ರಿಂಕ್ ಅಂತ ಹಾಕಬೇಡಿ. ಯಾಕಂದ್ರೆ ನಮ್ಮ ಆಹಾರ ಕಾಯ್ದೆಯಲ್ಲಿ ಹೆಲ್ತ್ ಡ್ರಿಂಕ್ ಅನ್ನೋದಕ್ಕೆ ವ್ಯಾಖ್ಯೆಯೇ ಇಲ್ಲ. ಎಷ್ಟೋ ಅಮ್ಮಂದಿರು ನಂಬಿದ್ದ ಪದಕ್ಕೆ ಕಾನೂನಿನಲ್ಲಿ ಅರ್ಥವೇ ಇರಲಿಲ್ಲ.

2020ರ ಲೇಬಲ್ ನಿಯಮದ ಪ್ರಕಾರ ಒಟ್ಟು ಸಕ್ಕರೆ ಎಷ್ಟು, ಸೇರಿಸಿದ ಸಕ್ಕರೆ ಎಷ್ಟು ಅಂತ ಪ್ಯಾಕೆಟ್ ಹಿಂದೆ ಬೇರೆ ಬೇರೆಯಾಗಿ ಬರೀಬೇಕು. ಇದು ನಿಜವಾಗಲೂ ಒಳ್ಳೆ ಬದಲಾವಣೆ. ಮೊದಲು ಹಾಲಿನ ಸಹಜ ಸಕ್ಕರೆಯ ಹಿಂದೆ ಸುರಿದ ಸಕ್ಕರೆ ಅಡಗಬಹುದಿತ್ತು. ಪದಾರ್ಥಗಳ ಪಟ್ಟಿಯನ್ನ ತೂಕದ ಇಳಿಕೆಯ ಕ್ರಮದಲ್ಲೇ ಬರೀಬೇಕು, ಹಾಗಾಗಿ ಮೊದಲ ಮೂರು ಹೆಸರಲ್ಲಿ ಸಕ್ಕರೆ ಇದೆಯಾ ನೋಡಿ ಅಂತಾರೆ. ಆದರೆ ಇಲ್ಲೊಂದು ಆಟ ಇದೆ. ಸಕ್ಕರೆಯನ್ನ ಒಂದೇ ಹೆಸರಲ್ಲಿ ಹಾಕದೆ ಸಕ್ಕರೆ ಒಂದಿಷ್ಟು, ಲಿಕ್ವಿಡ್ ಗ್ಲೂಕೋಸ್ ಒಂದಿಷ್ಟು, ಇನ್ವರ್ಟ್ ಸಿರಪ್ ಒಂದಿಷ್ಟು, ಡೆಕ್ಸ್‌ಟ್ರೋಸ್, ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್, ಹಣ್ಣಿನ ಕಾನ್ಸನ್‌ಟ್ರೇಟ್ ಅಂತ ಹಂಚಿದರೆ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಕ್ಕೆ ಇಳಿಯುತ್ತೆ. ಗುಂಪಿನಲ್ಲಿ ಗೋವಿಂದ. ಮಾಲ್ಟೋಡೆಕ್ಸ್‌ಟ್ರಿನ್ ಇನ್ನೂ ಚಾಲಾಕಿ, ಅದರ ಬಹುಪಾಲು ಸಕ್ಕರೆಯ ಕಾಲಂಗೆ ಬರೋದೇ ಇಲ್ಲ, ಕಾರ್ಬೋಹೈಡ್ರೇಟ್ ಅಂತ ಮಾತ್ರ ಕಾಣುತ್ತೆ. ಆದರೆ ರಕ್ತದಲ್ಲಿ ಗ್ಲೂಕೋಸನ್ನ ಸರ್ರನೆ ಏರಿಸುತ್ತೆ. ನನ್ನ ಸಲಹೆ ಒಂದೇ: ಹೆಸರುಗಳ ಹಿಂದೆ ಓಡಬೇಡಿ, ಹಿಂದಿನ ಪಟ್ಟಿಯಲ್ಲಿ 100 ಗ್ರಾಂಗೆ ಸೇರಿಸಿದ ಸಕ್ಕರೆ ಎಷ್ಟು ಅಂತ ನೋಡಿ ನಾಲ್ಕರಿಂದ ಭಾಗಿಸಿ. ಎಷ್ಟು ಚಮಚ ಅಂತ ಗೊತ್ತಾಗುತ್ತೆ. ಒಂದು ಸರ್ವಿಂಗ್‌ಗೆ ಇಷ್ಟು ಅಂತ ಬರೆದಿದ್ದರೆ ಆ ಸರ್ವಿಂಗ್ ಎಷ್ಟು ಚಿಕ್ಕದು ಅಂತ ಮೊದಲು ನೋಡಿ.

ಆದರೆ ಇದೆಲ್ಲ ಪ್ಯಾಕೆಟ್‌ನ ಬೆನ್ನ ಮೇಲೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಬಹಳಷ್ಟು ಸಲ ಬರೀ ಇಂಗ್ಲಿಷಿನಲ್ಲಿ ಇರುತ್ತೆ. ಈಗಿನ ಜಗಳ ಪ್ಯಾಕೆಟ್‌ನ ಮುಖದ್ದು. ಚಿಲಿ ದೇಶ 2016ರಲ್ಲಿ ಸಕ್ಕರೆ ಮಿತಿ ಮೀರಿದ ಪ್ಯಾಕೆಟ್‌ಗಳ ಮುಂಭಾಗದಲ್ಲಿ ಎಂಟು ಮೂಲೆಯ ಕಪ್ಪು ಮುದ್ರೆ ಕಡ್ಡಾಯ ಮಾಡಿತು, ಸಕ್ಕರೆ ಜಾಸ್ತಿ ಅಂತ ಅದರ ಮೇಲೇ ಬರೆದಿರುತ್ತೆ. ಅಂಥ ಡಬ್ಬಗಳ ಮೇಲೆ ಮಕ್ಕಳನ್ನ ಸೆಳೆಯೋ ಕಾರ್ಟೂನ್ ಹುಲಿಗೂ ಜಾಗ ಇಲ್ಲ. ನಮ್ಮ ಎಫ್‌ಎಸ್‌ಎಸ್‌ಎಐ 2022ರ ಸೆಪ್ಟೆಂಬರ್‌ನಲ್ಲಿ ತಂದ ಕರಡು ಬೇರೆ: ಅರ್ಧದಿಂದ ಐದರವರೆಗೆ ನಕ್ಷತ್ರ ಕೊಡೋದು, ಹೋಟೆಲಿಗೆ ರೇಟಿಂಗ್ ಕೊಟ್ಟ ಹಾಗೆ. ಆ ಕರಡಿನ ಮೇಲೆ ವಾದ ಮುಗಿಯದೆ, 2025ರಲ್ಲಿ ಸುಪ್ರೀಂ ಕೋರ್ಟ್ ಗಡುವು ಕೊಡಬೇಕಾಯ್ತು. ನಕ್ಷತ್ರದ ಲೆಕ್ಕ ಹೇಗಿದೆ ಅಂದ್ರೆ ಸಕ್ಕರೆಗೆ ಅಂಕ ಕಳೀತಾರೆ, ನಾರಿಗೆ, ಪ್ರೋಟೀನಿಗೆ, ಸಿರಿಧಾನ್ಯಕ್ಕೆ, ಬಾದಾಮಿಯಂಥ ಬೀಜಗಳಿಗೆ ಅಂಕ ಕೂಡಿಸ್ತಾರೆ. ಸಿಹಿ ಬಿಸ್ಕತ್ತಿಗೆ ಒಂದು ಹಿಡಿ ರಾಗಿ ಹಿಟ್ಟು, ನಾಲ್ಕು ಚೂರು ಬಾದಾಮಿ ಸೇರಿಸಿದರೆ ನಕ್ಷತ್ರ ಏರಬಹುದು. ಒಳಗಿನ ಸಕ್ಕರೆ ಇದ್ದಷ್ಟೇ ಇರುತ್ತೆ.